ಎರಡು ಕನ್ನಡಿ, ಒಂದು ಮೀಸೆ

ಸೋಮ ಭಂಡಾರಿ ತನ್ನ ಸೆಲೂನಿನ ಹಿಂಗೋಡೆಗೆ ಇನ್ನೊಂದು ಕನ್ನಡಿ ಹಾಕಿಸುವ ಬುದ್ಧಿ ಮಾಡದೇ ಇದ್ದಿದ್ದರೆ, ತಲ್ಲೂರಿನ ಪ್ರಖ್ಯಾತ್ ಶೆಟ್ಟಿಯ ತಲೆಗೂದಲೂ ಉಳಿಯುತ್ತಿತ್ತು, ಮೀಸೆಯೂ ಉಳಿಯುತ್ತಿತ್ತು. ಮೊದಲೆಲ್ಲ ಅಲ್ಲಿ ಎದುರಿಗೆ ಮಾತ್ರ ಕನ್ನಡಿ. ಗಿರಾಕಿ ತನ್ನ ಮುಖ ನೋಡಿಕೊಂಡು, ಇಷ್ಟೇ ಅಲ್ಲವೇ ಎಂದು ಸಮಾಧಾನ ಮಾಡಿಕೊಂಡು ಎದ್ದು ಹೋಗುತ್ತಿದ್ದ. ಕುಂದಾಪುರದ ಎ.ಸಿ. ಸೆಲೂನು ನೋಡಿ ಬಂದ ಮೇಲೆ ಸೋಮನಿಗೆ ಬೆನ್ನ ಹಿಂದೆಯೂ ಒಂದು ಕನ್ನಡಿ ಬೇಕೆನಿಸಿತು. ಅಲ್ಲಿಂದ ಶುರುವಾಯಿತು ನೋಡಿ ಗ್ರಹಚಾರ.

ಪ್ರಖ್ಯಾತ್ ಎಂಟು ವರ್ಷ ಸಂಶೋಧನೆ ಮಾಡಿ ಡಾಕ್ಟರೇಟು ತೆಗೆದವನು. ವಿಷಯ ಕ್ವಾಂಟಂ ಎಲೆಕ್ಟ್ರೋಡೈನಮಿಕ್ಸ್. ಬೆಳಕು ಒಂದು ವಸ್ತುವಿಗೆ ತಾಗಿದಾಗ ಆ ಎರಡರ ನಡುವೆ ಏನೇನು ಕೊಡು-ಕೊಳ್ಳು ನಡೆಯುತ್ತದೆ ಎಂಬುದರ ಲೆಕ್ಕಾಚಾರ. ಊರವರು ಈ ಹೆಸರಿನಲ್ಲಿ ತಮಗೆ ಬೇಕಾದ ‘ಎಲೆಕ್ಟ್ರೋ’ವನ್ನು ಮಾತ್ರ ಹಿಡಿದುಕೊಂಡು, ಕೆಟ್ಟುಹೋದ ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳನ್ನು ತಂದು ಅವನ ಮನೆಯ ಜಗಲಿಯಲ್ಲಿ ಇಟ್ಟು ಹೋಗುತ್ತಿದ್ದರು. ರಿಪೇರಿ ಬರುವುದಿಲ್ಲ ಎಂದರೆ, “ಎಂಟ್ ವರ್ಷ ಕಲ್ತ್ ಇಷ್ಟೂ ಬತ್ತಿಲ್ಯಾ?” ಎಂದು ಮಿಕ್ಸಿಯನ್ನು ಎತ್ತಿಕೊಂಡು ಹೋಗುತ್ತಿದ್ದರು. ಹೋಗುವಾಗ ಅವನನ್ನು ನೋಡುವ ನೋಟದಲ್ಲಿ ಮಿಕ್ಸಿಯ ಮೇಲಿರುವಷ್ಟು ಮರ್ಯಾದೆಯೂ ಇರುತ್ತಿರಲಿಲ್ಲ.

ಮನೆಯಲ್ಲೂ ಸುಖವಿರಲಿಲ್ಲ. ಅವನ ಅಪ್ಪ ಶೇಖರ ಶೆಟ್ಟರು ಹೆಂಡತಿಯ ಹೆಸರಿನಲ್ಲಿ ‘ಜಲಜಾ ಕ್ಯಾಟರಿಂಗ್’ ನಡೆಸುವವರು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಎಲ್ಲಿ ಮದುವೆ, ಎಲ್ಲಿ ಗೃಹಪ್ರವೇಶ, ಅಲ್ಲಿ ಅವರ ಅಡುಗೆ. ಜನರ ಫೋನಿನಲ್ಲೆಲ್ಲ ‘ಜಲಜಾ ಕ್ಯಾಟರಿಂಗ್’ ಎಂದೇ ಇದ್ದುದರಿಂದ ಅವರ ಸ್ವಂತ ಹೆಸರು ಗೊತ್ತಿದ್ದವರು ಕಡಿಮೆ. ಬ್ರಹ್ಮಾವರ ಕಡೆಯ ಕೆಲವರು ‘ಜಲಜಣ್ಣ’ ಎಂದು ಕರೆದರೂ ಅವರು ಓಗೊಡುತ್ತಿದ್ದರು. ಗಿರಾಕಿ ಏನು ಕರೆದರೂ ಸೈ ಎನ್ನುವ ಜನ.

“ಬೆಳ್ಕ್ ಕನ್ನಡಿ ಮೇಲ್ ಬಿದ್ರೆ ಮುಖ ಕಾಣತ್ತ್, ಅನ್ನದ್ ಮೇಲ್ ಬಿದ್ರೆ ಅನ್ನ ಕಾಣತ್ತ್. ಇಷ್ಟೇ ಅಲ್ದಾ ಮಗಾ? ಇದ್ಕ್ ಎಂಟ್ ವರ್ಷ ಬೇಕಾ?” ಎಂದು ಅವರು ಆ ದಿನ ಬೆಳಿಗ್ಗೆಯೂ ಕೇಳಿದ್ದರು. ಹಾಲಾಡಿಯ ಒಂದು ಮದುವೆಗೆ ಪಾತ್ರೆ ಹೇರಿಸುತ್ತಾ, ಕೊನೆಯ ಮಾತನ್ನೂ ಹೇಳಿಬಿಟ್ಟಿದ್ದರು. “ಇವತ್ತ್ ಬ್ರಹ್ಮಾವರದ ಕಾಲೇಜಲ್ಲಿ ಕೆಲ್ಸ ಸಿಕ್ರೆ ಸರಿ, ನಾನ್ ಬಾಯಿ ಮುಚ್ಕಂತೆ. ಸಿಕ್ಕದಿದ್ರೆ ನಾಳೆಯಿಂದ ನೀನ್ ನನ್ ಒಟ್ಟಿಗೆ. ಇದ್ ಇಪ್ಪತ್ತ್ನೇ ಇಂಟರ್ವ್ಯೂನೋ ಏನೋ, ನಂಗ್ ನೆಂಪಿಲ್ಲೆ.”

ಪ್ರಖ್ಯಾತನಿಗೆ ನೆನಪಿತ್ತು. ಈ ಕೆಲಸ ಅವನಿಗೆ ಬೇಕೇ ಬೇಕಿತ್ತು. ಭೌತಶಾಸ್ತ್ರದ ಕಾಯಂ ಹುದ್ದೆ. ಮೂವತ್ತೈದು ಮಕ್ಕಳು ಸಾಲಾಗಿ ಕೂತು ತನ್ನ ಮಾತನ್ನು ಕೇಳಲೇಬೇಕಾದ ಒಂದು ಕೋಣೆ. ಈ ಎಂಟು ವರ್ಷಗಳಲ್ಲಿ ‘ನೀನು ಮಾಡುವುದು ಏನು’ ಎಂದು ಊರಿನಲ್ಲಿ ಯಾರಾದರೂ ಮನಸ್ಸಿಟ್ಟು ಕೇಳಿದ್ದರೆ ಅವನು ಅವರ ಮನೆ ಮಿಕ್ಸಿಯನ್ನು ಹೇಗಾದರೂ ರಿಪೇರಿ ಮಾಡಿಸಿ ಕೊಡುತ್ತಿದ್ದ. ಯಾರೂ ಕೇಳಿರಲಿಲ್ಲ.

ಕೇಳಿದವನು ಸೋಮ. ಅದೂ ಕೈಯಲ್ಲಿ ಮಿಷನ್ನು ಹಿಡಿದುಕೊಂಡಿದ್ದಾಗ.

“ಸ್ವಲ್ಪ ಸಣ್ಣ ಮಾಡಿ ಸಾಕ್ ಸೋಮಣ್ಣ. ಮೀಸಿ ತುದಿ ಮಾತ್ರ ಸಮ ಮಾಡಿ. ಇಂಟರ್ವ್ಯೂ ಇತ್ತ್,” ಎಂದು ಪ್ರಖ್ಯಾತ್ ಕುರ್ಚಿಯಲ್ಲಿ ಕೂತ. ಬಿಳಿ ಶರ್ಟು, ಕಪ್ಪು ಪ್ಯಾಂಟು, ಬದಿಯಲ್ಲಿ ಫೈಲು.

ಮೀಸೆಯ ವಿಷಯದಲ್ಲಿ ಹುಷಾರಾಗಿರಬೇಕಿತ್ತು. ಅವರ ಕುಟುಂಬದ್ದು ಹಳೆಯ ಕ್ರಮ. ಅಪ್ಪ ಬದುಕಿರುವ ತನಕ ಮಗ ಮೀಸೆ ಬೋಳಿಸುವ ಹಾಗಿಲ್ಲ. ಅಪ್ಪ ತೀರಿಕೊಂಡಾಗ ತಲೆ, ಮೀಸೆ ಎರಡನ್ನೂ ಒಟ್ಟಿಗೆ ತೆಗೆಸಬೇಕು. ಈಗಿನ ಹುಡುಗರು ಬೇಕಾದಾಗ ಬೆಳೆಸಿ ಬೇಡವಾದಾಗ ಕೆರೆಸಿಕೊಂಡರೂ, ಶೆಟ್ಟರ ಮನೆಯಲ್ಲಿ ಮಾತ್ರ ಅದು ಇನ್ನೂ ನಡೆದುಬಂದಿತ್ತು. ನೆಂಟರಿಗೆಲ್ಲ ಗೊತ್ತಿದ್ದ ವಿಷಯ.

“ಅಲ್ಲ ಸಣ್ಣ ಶೆಟ್ರೆ,” ಸೋಮ ಕಿವಿಯ ಪಕ್ಕದಲ್ಲಿ ಮಿಷನ್ನು ಹಿಡಿದು ಕೇಳಿದ, “ನೀವ್ ಕಲ್ತದ್ದ್ ಎಂತದ್? ಇಲ್ಲಿಗ್ ಬಪ್ಪವ್ರೆಲ್ಲ ಕೇಂತ್ರ್. ನಂಗ್ ಹೇಳುಕೆ ಬತ್ತಿಲ್ಲೆ. ಒಂದ್ ಸಲ ಹೇಳಿ ಕಾಂಬ.”

ಪ್ರಖ್ಯಾತನ ಕಣ್ಣು ಅರಳಿತು. ಕೂತಲ್ಲೇ ನೆಟ್ಟಗಾದ. “ಎದುರಿಗೊಂದ್ ಕನ್ನಡಿ ಇತ್ತಲ್ದಾ ಸೋಮಣ್ಣ, ಹಿಂದೊಂದ್ ಇತ್ತ್. ನಡುವೆ ಬೆಳಕಿನ ಒಂದೇ ಒಂದ್ ಚೂರ್ ಬಿಟ್ರಿ ಅಂತ ಇಟ್ಕಣಿ. ಅದ್ ಈ ಕನ್ನಡಿಗ್ ಬಡ್ದ್ ಆ ಕನ್ನಡಿಗ್ ಹೋತ್ತ್, ಅಲ್ಲಿ ಬಡ್ದ್ ಇಲ್ಲಿಗ್ ಬತ್ತ್. ತಪ್ಪಿಸ್ಕಂಡ್ ಹೋಪುಕೆ ದಾರಿ ಇಲ್ಲೆ.”

“ಹೌದಲೆ,” ಎಂದ ಸೋಮ ಕನ್ನಡಿಯೊಳಗೆ ನೋಡಿದ. ಕನ್ನಡಿಯೊಳಗೆ ಇನ್ನೊಂದು ಕನ್ನಡಿ, ಅದರೊಳಗೆ ಮತ್ತೊಂದು. ಸೋಮನ ಹಿಂದೆ ಸೋಮ, ಅವನ ಹಿಂದೆ ಇನ್ನೊಬ್ಬ ಸೋಮ, ಕಣ್ಣು ಹೋಗುವಷ್ಟು ದೂರ ಸೋಮಂದಿರ ಸಾಲು. ಕನ್ನಡಿ ಹಾಕಿಸಿ ಇಷ್ಟು ದಿನವಾದರೂ ಅವನು ಗಿರಾಕಿಯ ತಲೆ ಬಿಟ್ಟು ಬೇರೆ ಏನನ್ನೂ ನೋಡಿರಲಿಲ್ಲ. “ಹಾಂಗಾರೆ ಇವ್ರೆಲ್ಲ ಒಂದೇ ಬೆಳ್ಕ್ ಓಡ್ಯಾಡಿ ಆದವ್ರಾ?”

“ಅದೇ. ನೀವ್ ಎಂಟನೇ ಸೋಮನ್ನ ಕಾಣಿ, ಸ್ವಲ್ಪ ಮಸ್ಕ್ ಇಲ್ಯಾ? ಪ್ರತಿ ಸಲ ಕನ್ನಡಿ ಸ್ವಲ್ಪ ಬೆಳ್ಕ್ ತಿಂತತ್ತ್.”

ಸೋಮ ಎಂಟನೆಯ ಸೋಮನನ್ನು ಹುಡುಕುತ್ತಾ ಕುತ್ತಿಗೆ ಉದ್ದ ಮಾಡಿದ. ಮಿಷನ್ನು ಕಿವಿಯಿಂದ ಹೊರಟು, ನೆತ್ತಿ ದಾಟಿ, ಹಣೆಯವರೆಗೆ ಸೀದಾ ಬಂತು. ಹೆದ್ದಾರಿ ಅಗಲ ಮಾಡುವವರು ಗುಡ್ಡ ಕೊರೆದ ಹಾಗೆ ಪ್ರಖ್ಯಾತನ ತಲೆಯ ನಡುವೆ ಒಂದು ದಾರಿಯಾಯಿತು.

“ಸೋಮಣ್ಣ, ಇದೆಂತ ಮಾಡ್ರಿ?”

“ಕನ್ನಡಿಯಲ್ಲಿಪ್ಪ ಸೋಮನ್ ಕೈಯಗೆ ಮಿಷನ್ ಸರಿ ಜಾಗದಲ್ಲೇ ಇದ್ದಂಗ್ ಕಂಡಿತ್ ಮಾರಾಯ್ರೆ,” ಎಂದ ಸೋಮ ಬಿಳಿಚಿಕೊಂಡು. “ತಪ್ಪಿದ್ದ್ ನಾನೇ.”

ದಾರಿ ಬಿದ್ದ ತಲೆಯಲ್ಲಿ ಇಂಟರ್ವ್ಯೂಗೆ ಹೋಗುವುದು ಹೇಗೆ? ಉಳಿದದ್ದನ್ನೂ ತೆಗೆದು ನುಣ್ಣಗೆ ಮಾಡುವುದೇ ಮೇಲು ಎಂದು ಇಬ್ಬರೂ ಒಪ್ಪಿದರು. ವಿಜ್ಞಾನಿಗಳ ತಲೆ ಬೋಳಾಗಿದ್ದರೆ ಚಂದವೇ ಎಂದು ಸೋಮ ಸಮಾಧಾನವನ್ನೂ ಹೇಳಿದ. ಪ್ರಖ್ಯಾತನಿಗೆ ಬೇಸರವಾಯಿತು ನಿಜ. ಆದರೆ ಕೇಳುವ ಕಿವಿ ಸಿಕ್ಕಿದ ಸಂತೋಷ ಅದಕ್ಕಿಂತ ದೊಡ್ಡದಿತ್ತು. ತಲೆ ಬೋಳಾಗುತ್ತಿದ್ದಂತೆ ಅವನು ಕತೆಯನ್ನು ಮುಂದುವರಿಸಿಯೇಬಿಟ್ಟ.

“ಈಗ ಆ ಎರಡ್ ಕನ್ನಡಿ ನಡುವೆ ಒಂದ್ ಪರಮಾಣು ಇಡುವ. ಅದ್ ಬೆಳ್ಕನ್ನ ನುಂಗಿತ್ತ್. ನುಂಗಿದ್ದನ್ನ ಯಾವಾಗ್ಲೂ ಉಗುಳ್ಲೇ ಬೇಕ್, ಅದ್ ಅದ್ರ ಸ್ವಭಾವ. ಆದ್ರೆ ಕನ್ನಡಿ ಎರಡನ್ನೂ ತೀರಾ ಹತ್ರ ತಂದ್ರೆ ಉಗುಳುಕೇ ಜಾಗ ಇಲ್ಲೆ. ಒಳಗೇ ಹಿಡ್ಕಂಡ್ ಕೂಕಂತತ್ತ್. ನನ್ ಎಂಟ್ ವರ್ಷದ ಕೆಲ್ಸ ಇದೇ ಸೋಮಣ್ಣ.”

ಸೋಮ ಈಗ ಮೀಸೆಯ ತುದಿಗೆ ಕತ್ತಿ ಹಿಡಿದಿದ್ದ. ಸ್ವಲ್ಪ ಯೋಚಿಸಿ, “ಎಲೆ ಅಡ್ಕಿ ಹಾಕಂಡವ ಬಸ್ಸಲ್ಲಿ ನಡು ಸೀಟಲ್ಲಿ ಸಿಕ್ಕಿಬಿದ್ದಂಗೆ,” ಎಂದ.

ಪ್ರಖ್ಯಾತನ ಮೈ ಜುಮ್ಮೆಂದಿತು. ಮೂರು ದೇಶಗಳ ಪ್ರೊಫೆಸರುಗಳು ಓದಿ ಸಹಿ ಹಾಕಿದ ಪ್ರಬಂಧದಲ್ಲೂ ಇಷ್ಟು ಸರಿಯಾದ ಮಾತು ಇರಲಿಲ್ಲ. “ಅದೇ, ಅದೇ ಸೋಮಣ್ಣ,” ಎಂದು ಅವನು ಹೇಳುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಸೆಲೂನು ಕತ್ತಲಾಯಿತು. ಸಾಲಿನಲ್ಲಿದ್ದ ಸೋಮಂದಿರೆಲ್ಲ ಒಮ್ಮೆಲೇ ಮಾಯವಾದರು. ತಾನೇ ಹೋದೆನೋ ಎಂಬಂತೆ ಸೋಮ ಹೌಹಾರಿದ. ಕೈ ಜಾರಿತು. ಪುನಃ ಕರೆಂಟು ಬಂದಾಗ ಕನ್ನಡಿಯಲ್ಲಿ ಅರ್ಧ ಮೀಸೆಯ ಪ್ರಖ್ಯಾತಂದಿರು ಸಾಲಾಗಿ ಕೂತಿದ್ದರು.

ಅರ್ಧ ಮೀಸೆಗೆ ಮದ್ದು ಒಂದೇ. ಅದನ್ನೂ ಮಾಡಿದ್ದಾಯಿತು. ಸೋಮನಿಗೆ ಅಳು ಬಂದಿತ್ತು. ತಲೆ, ಮೀಸೆ ಎರಡನ್ನೂ ಬೋಳಿಸಿದ ಮೇಲೆ ಯಾವಾಗಲೂ ಹೇಳುವ ಮಾತು ಅಭ್ಯಾಸಬಲದಿಂದ ಅವನ ಬಾಯಿಂದ ಬಂತು. “ಹಿಂದ್ ಬಾವಿ ಇತ್ತ್, ಮಂಡೆಗ್ ನೀರ್ ಹೊಯ್ಕಂಡ್ ಹೋಯ್ನಿ.” ಮೈಮೇಲೆ ಬಿದ್ದ ಕೂದಲು ಕಚ್ಚುತ್ತಿದ್ದುದರಿಂದ ಪ್ರಖ್ಯಾತ್ ಹಾಗೆಯೇ ಮಾಡಿದ. ಬಸ್ಸಿಗೆ ಹೊತ್ತಾಗಿತ್ತು. ಒದ್ದೆ ತಲೆ, ಒದ್ದೆ ಬಿಳಿ ಶರ್ಟಿನಲ್ಲೇ ಓಡಿಹೋಗಿ ಬೈಂದೂರಿನಿಂದ ಬಂದ ಉಡುಪಿ ಬಸ್ಸು ಹತ್ತಿದ.

ಕಂಡಕ್ಟರ್ ನಿತೇಶ್ ಯಾರನ್ನೂ ಬಿಡುವವನಲ್ಲ. ‘ಹಿಂದ್ ಹೋಯ್ನಿ, ಹಿಂದ್ ಹೋಯ್ನಿ’ ಎಂದು ಊರ ಹಿರಿಯರಾದ ಗುರಿಕಾರರನ್ನೂ ತಳ್ಳುವವನು. ಇವತ್ತು ಪ್ರಖ್ಯಾತನನ್ನು ನೋಡಿದವನೇ ದನಿ ತಗ್ಗಿಸಿ, ಎದುರು ಸೀಟಿನಲ್ಲಿದ್ದ ಒಬ್ಬರನ್ನು ಎಬ್ಬಿಸಿ, “ಕೂಕಣಿ ಅಣ್ಣ,” ಎಂದ. ಡಾಕ್ಟರೇಟಿನ ಸುದ್ದಿ ಇವನಿಗೂ ಮುಟ್ಟಿರಬೇಕು ಎಂದು ಪ್ರಖ್ಯಾತ್ ಹಿಗ್ಗಿ ಕೂತ.

ಪಕ್ಕದ ಸೀಟಿನಲ್ಲಿ ಉಪ್ಪುಂದದ ಗಿರಿಜತ್ತೆ ಕೂತಿದ್ದಳು. ಶೇಖರ ಶೆಟ್ಟರ ದೊಡ್ಡಪ್ಪನ ಮಗಳು. ಬ್ರಹ್ಮಾವರದಲ್ಲಿದ್ದ ಮಗಳ ಮನೆಗೆ ಹೊರಟವಳು. ಅವಳು ಪ್ರಖ್ಯಾತನ ತಲೆ ನೋಡಿದಳು, ಮೀಸೆಯಿದ್ದ ಜಾಗ ನೋಡಿದಳು, ತೊಟ್ಟಿಕ್ಕುತ್ತಿದ್ದ ನೀರು ನೋಡಿದಳು. ಸೆರಗು ಬಾಯಿಗೆ ಹೋಯಿತು.

“ಅಯ್ಯೋ ಮಗಾ. ನಂಗ್ ಒಂದ್ ಫೋನ್ ಮಾಡುಕೂ ಆಯಿಲ್ಯಾ ನಿಮ್ಗೆ?” ಎಂದಳು. “ನಿನ್ನೆ ಮೊನ್ನೆ ಉಪ್ಪುಂದದ ಮದುವಿಗ್ ಬಂದ್ ಪಾಯ್ಸ ಬಡ್ಸಿ ಹೋದವ್ರ್. ಕಲ್ಲ್ ಗುಂಡಿನಂಗ್ ಇದ್ದಿದ್ರ್ ನನ್ ಶೇಖರಣ್ಣ.”

ಪ್ರಖ್ಯಾತನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಕೂಡಲೇ ಗಾಬರಿಯಾಯಿತು. “ಇಲ್ಲ ಅತ್ತೆ, ಅಪ್ಪಯ್ಯ ಇದ್ರ್. ಸಮಾ ಇದ್ರ್.”

“ಹೌದ್ ಮಗಾ,” ಅತ್ತೆ ಅವನ ಕೈ ಹಿಡಿದುಕೊಂಡಳು. “ಅವ್ರ್ ಎಲ್ಲಿಗೂ ಹೋಯಿಲ್ಲೆ. ನಮ್ ಒಟ್ಟಿಗೇ ಇದ್ರ್.”

“ಹಾಂಗಲ್ಲ ಅತ್ತೆ. ಹಾಲಾಡಿಯಲ್ಲಿ ಇದ್ರ್. ಅಡುಗಿ ಮಾಡ್ತಾ ಇದ್ರ್.”

ಅತ್ತೆ ಬಸ್ಸಿನವರ ಕಡೆ ತಿರುಗಿ, “ಮಂಡೆಗ್ ಪೆಟ್ಟ್ ಬಿದ್ದಿತ್ತ್ ಮಗಿಗೆ,” ಎಂದಳು. ಬಸ್ಸಿನವರು ಲೊಚಗುಟ್ಟಿದರು.

ನಿತೇಶನಿಗೆ ಮಾತ್ರ ಸ್ವಲ್ಪ ಅನುಮಾನ ಉಳಿದಿತ್ತು. “ತಿರುಪತಿಗ್ ಹೋಯಿ ಬಂದದ್ದ್ ಇಪ್ಪುಕೂ ಸಾಕಲ್ದಾ ಅಮ್ಮಾ?”

“ತಿರುಪತಿಗ್ ಹೋದವನ್ ಕೈಯಗೆ ಲಾಡು ಇರುದಿಲ್ಯಾ? ಸುಮ್ನಿರ್ ನೀನ್,” ಎಂದಳು ಅತ್ತೆ. ನಿತೇಶ್ ಟಿಕೆಟು ಹರಿಯಲು ಹಿಂದೆ ಹೋದ.

ಪ್ರಖ್ಯಾತ್ ಸೋಮನ ಸೆಲೂನಿನ ಕತೆ ಹೇಳಿದ. ಬೆಳಕು ಅತ್ತಿಂದಿತ್ತ ಓಡಾಡಿದ್ದು, ಎಂಟನೆಯ ಸೋಮ, ನುಂಗಿದ್ದನ್ನು ಉಗುಳಲಾರದ ಪರಮಾಣು, ಎಲ್ಲವನ್ನೂ ಹೇಳಿದ. ಹೇಳಿದಷ್ಟೂ ಅತ್ತೆಯ ಕಣ್ಣಲ್ಲಿ ನೀರು ಹೆಚ್ಚಾಯಿತು. ಅವಳು ಶೇಖರ ಶೆಟ್ಟರ ಫೋನಿಗೆ ಮಾಡಿದಳು. ಊಟದ ಪಂಕ್ತಿ ಹೊತ್ತಿನಲ್ಲಿ ಅವರ ಫೋನು ಗೋಡಂಬಿ ಡಬ್ಬದ ಹಿಂದೆ ಬಿದ್ದುಕೊಂಡಿರುತ್ತದೆ. ರಿಂಗಾಗಿ ರಿಂಗಾಗಿ ನಿಂತಿತು. “ಕಾಣ್. ಎತ್ತುವವ್ರ್ ಇದ್ರೆ ಎತ್ತುದಿಲ್ಯಾ?” ಎಂದಳು. ಪ್ರಖ್ಯಾತ್ ಅಮ್ಮನಿಗೆ ಮಾಡಿದ. ಅಮ್ಮನ ಫೋನು ಯಾವತ್ತಿನ ಹಾಗೆ ಸ್ವಿಚ್ ಆಫ್. “ಪಾಪ, ಜಲಜ ಹ್ಯಾಂಗ್ ಇತ್ತೋ,” ಎಂದು ಅತ್ತೆ ಮತ್ತೊಮ್ಮೆ ಕಣ್ಣೊರೆಸಿಕೊಂಡಳು.

“ಈಗ ಎಲ್ಲಿಗ್ ಹೊರ್ಟದ್ದ್ ಮಗಾ? ಬ್ರಹ್ಮಾವರದಗೆ ನೆಂಟ್ರಿಗೆ ಹೇಳುಕಾ?”

“ಇಂಟರ್ವ್ಯೂಗೆ,” ಎಂದ ಪ್ರಖ್ಯಾತ್, ಸೋತು.

ಬಸ್ಸಿನವರೆಲ್ಲ ಅವನ ಕಡೆ ತಿರುಗಿದರು. ಅಪ್ಪ ಹೋದ ದಿನ ಇಂಟರ್ವ್ಯೂಗೆ ಹೊರಟ ಮಗ. ಹಿಂದಿನ ಸೀಟಿನ ಒಬ್ಬರು ಎದ್ದು ಬಂದು ಅವನ ಬೆನ್ನು ತಟ್ಟಿ ಹೋದರು. ಅತ್ತೆ ಫೋನು ಹಿಡಿದವಳು ಕೆಳಗೆ ಇಡಲಿಲ್ಲ. ಕೋಟ ಬರುವಷ್ಟರಲ್ಲಿ ಉಪ್ಪುಂದಕ್ಕೆ ಸುದ್ದಿ ಮುಟ್ಟಿತ್ತು, ಸಾಲಿಗ್ರಾಮ ದಾಟುವಷ್ಟರಲ್ಲಿ ಮುಂಬೈಗೂ ಹೋಗಿಯಾಗಿತ್ತು. ಬೆಳಕಿನ ವೇಗಕ್ಕಿಂತ ಹೆಚ್ಚಿನ ವೇಗ ಯಾವುದಕ್ಕೂ ಇಲ್ಲವೆಂದು ಪ್ರಖ್ಯಾತ್ ಓದಿದ್ದ. ಓದಿದ್ದರ ಮೇಲೆ ಅವನಿಗೆ ಮೊದಲ ಬಾರಿಗೆ ಸಂಶಯ ಬಂತು.

ಸ್ಟಾಪೇ ಇಲ್ಲದಿದ್ದರೂ ನಿತೇಶ್ ಬಸ್ಸನ್ನು ಕಾಲೇಜಿನ ಗೇಟಿನೆದುರು ನಿಲ್ಲಿಸಿದ. ಅತ್ತೆಯೂ ಇಳಿದಳು. “ನೀವ್ ಮಗಳ್ ಮನಿಗ್ ಹೋಯ್ನಿ ಅತ್ತೆ, ದಮ್ಮಯ್ಯ,” ಎಂದು ಪ್ರಖ್ಯಾತ್ ಬೇಡಿಕೊಂಡ. “ಇಂಥ ಹೊತ್ತಲ್ಲಿ ಒಬ್ನನ್ನೇ ಬಿಡುಕಾತ್ತಾ?” ಎಂದು ಅವಳು ಅವನಿಗಿಂತ ಮೊದಲೇ ಒಳಗೆ ನಡೆದಳು. ಅವನು ಬಾತ್‌ರೂಮಿನಲ್ಲಿ ಶರ್ಟು ಸರಿ ಮಾಡಿಕೊಂಡು ಬರುವ ಹೊತ್ತಿಗೆ ಅವಳು ಆಡಳಿತ ಮಂಡಳಿಯ ಅಧ್ಯಕ್ಷರ ಕೋಣೆಗೆ ಹೋಗಿ, ಅತ್ತು, ನೀರು ಕುಡಿದು ಆಗಿತ್ತು.

ಹೊರಗೆ ಕಾಯುತ್ತಿದ್ದ ಉಳಿದ ಅಭ್ಯರ್ಥಿಗಳು ಎದ್ದು ನಿಂತು, “ನೀವೇ ಮೊದಲು ಹೋಗಿ,” ಎಂದರು.

ಅಧ್ಯಕ್ಷ ರವಿಚಂದ್ರ ಹೆಗ್ಡೆಯವರು ಮೇಜು ಬಳಸಿ ಬಂದು ಪ್ರಖ್ಯಾತನನ್ನು ಸೋಫಾದ ಮೇಲೆ ಕೂರಿಸಿದರು. ಒಂದು ಬದಿಯಲ್ಲಿ ಅವರೇ ಕೂತರು, ಇನ್ನೊಂದು ಬದಿಯಲ್ಲಿ ಗಿರಿಜತ್ತೆ. ಎದುರಿಗೆ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥೆ ಡಾಕ್ಟರ್ ಸ್ನೇಹಲತಾ ಅವನ ಪ್ರಬಂಧ ಹಿಡಿದುಕೊಂಡು ಕೂತಿದ್ದರು. ಪುಟಗಳ ನಡುವೆ ಹಳದಿ ಚೀಟಿಗಳು ಹಣಕುತ್ತಿದ್ದವು. ಅವರು ಅದನ್ನು ಓದಿದ್ದರು. ನಿಜವಾಗಿ ಓದಿದ್ದರು. ಪ್ರಖ್ಯಾತನಿಗೆ ಎದೆ ತುಂಬಿ ಬಂತು.

“ನಿಮ್ಮ ಮೂರನೇ ಅಧ್ಯಾಯದಲ್ಲಿ,” ಎಂದು ಸ್ನೇಹಲತಾ ಶುರುಮಾಡಿದರು, “ಕನ್ನಡಿಗಳ ಅಂತರ ಕಡಿಮೆ ಮಾಡಿದರೆ ಪರಮಾಣು ಬೆಳಕು ಬಿಡುವುದು ನಿಂತೇ ಹೋಗ್ತದೆ ಅಂದಿದ್ದೀರಿ. ಆಗ ಆ ಪರಮಾಣು...”

“ಬ್ಯಾಡ ಮೇಡಂ,” ಎಂದರು ಹೆಗ್ಡೆಯವರು. “ಇವತ್ತ್ ಅವ್ರ ಹತ್ರ ಅದೆಲ್ಲ ಕೇಂಬುದಾ? ಮನುಷ್ಯತ್ವ ಅಂತೇಳಿ ಒಂದ್ ಇತ್ತಲ್ದಾ.”

“ಕೇಳ್ಲಿ ಸಾರ್,” ಎಂದ ಪ್ರಖ್ಯಾತ್. “ದಯಮಾಡಿ ಕೇಳ್ಲಿ.” ಎಂಟು ವರ್ಷ ಕಾದ ಪ್ರಶ್ನೆ ಬಾಗಿಲವರೆಗೆ ಬಂದು ಹಿಂದೆ ಹೋಗುತ್ತಿರುವಾಗ ಕಣ್ಣಲ್ಲಿ ನೀರು ಬಾರದೆ ಇರುತ್ತದೆಯೇ? ಬಂತು. ಧಾರಾಳವಾಗಿಯೇ ಬಂತು. ಅದನ್ನು ನೋಡಿ ಹೆಗ್ಡೆಯವರೂ ಅತ್ತರು, ಅತ್ತೆಯೂ ಅತ್ತಳು, ಮೂಲೆಯಲ್ಲಿ ಕೂತಿದ್ದ ಪ್ರಿನ್ಸಿಪಾಲರು ಎದ್ದು ಕಿಟಕಿಯ ಕಡೆ ತಿರುಗಿ ನಿಂತರು. ಸ್ನೇಹಲತಾ ಒಬ್ಬರೇ ಹಳದಿ ಚೀಟಿಯ ಮೇಲೆ ಬೆರಳಿಟ್ಟುಕೊಂಡು ಪೆಚ್ಚಾಗಿ ಕೂತಿದ್ದರು.

“ಸಾರ್, ಒಂದ್ ವಿಷಯ ಹೇಳುದಿತ್ತ್,” ಎಂದ ಪ್ರಖ್ಯಾತ್ ಗಟ್ಟಿ ಮನಸ್ಸು ಮಾಡಿ. “ನಮ್ಮ ಅಪ್ಪಯ್ಯ...”

“ಗೊತ್ತಿತ್ತ್ ಮಗಾ. ಎಲ್ಲ ಗೊತ್ತಿತ್ತ್.” ಹೆಗ್ಡೆಯವರು ಅವನ ತೊಡೆ ತಟ್ಟಿದರು. “ನಾನ್ ಈ ಕುರ್ಚಿಯಗೆ ಕೂತ್ ಸುಮಾರ್ ಜನ ಕಂಡಿದ್ದೆ. ಮಳಿ ಬಂತ್ ಅಂತ ರಜಿ ಹಾಕುವವ್ರನ್ನ ಕಂಡಿದ್ದೆ, ಕ್ರಿಕೆಟ್ ಇತ್ತ್ ಅಂತ ಜ್ವರ ಬಪ್ಪವ್ರನ್ನ ಕಂಡಿದ್ದೆ. ಹೆತ್ತ ಅಪ್ಪ ಹೋದ ದಿನ ವಿದ್ಯೆ ಅಂತೇಳಿ ಬಂದವ್ರನ್ನ ಕಂಡದ್ದ್ ಇದೇ ಮೊದ್ಲ್. ಇನ್ ಪ್ರಶ್ನೆ ಎಂತಕೆ? ಕೆಲ್ಸ ನಿಂದೇ.”

ಕೆಲಸ ನಿಂದೇ. ಪ್ರಖ್ಯಾತನ ಕಿವಿಯಲ್ಲಿ ಆ ಎರಡು ಶಬ್ದ ಗುಂಯ್ ಎಂದವು. ನಿಜ ಅವನ ಗಂಟಲಿನಲ್ಲೇ ಇತ್ತು. ಆಚೆ ಬದಿಯಲ್ಲಿ ಹೆಗ್ಡೆಯವರು, ಈಚೆ ಬದಿಯಲ್ಲಿ ಅತ್ತೆ, ಇಬ್ಬರೂ ಒತ್ತಿಕೊಂಡು ಕೂತಿದ್ದರು. ಬಾಯಲ್ಲಿದ್ದದ್ದನ್ನು ಉಗುಳಲು ಜಾಗ ಎಲ್ಲಿತ್ತು? ಅವನು ನುಂಗಿಕೊಂಡ. ನಾಳೆ ಹೇಳಿದರಾಯಿತು ಎಂದು ತನಗೆ ತಾನೇ ಹೇಳಿಕೊಂಡ. ಮನುಷ್ಯ ಕೆಡುವುದು ಇಂಥ ಸಣ್ಣ ಸಣ್ಣ ನಾಳೆಗಳಿಂದಲೇ.

ಆದರೆ ಹೆಗ್ಡೆಯವರ ಒಳ್ಳೆಯತನ ಅಲ್ಲಿಗೆ ಮುಗಿಯಲಿಲ್ಲ. “ಬೊಜ್ಜಕ್ಕೆ ನಾವೆಲ್ಲ ಬತ್ತೊ,” ಎಂದರು. ಬೊಜ್ಜವೆಂದರೆ ಸತ್ತವರ ಹೆಸರಿನಲ್ಲಿ ಊರಿಗೆ ಹಾಕುವ ಊಟ. “ಇಡೀ ಆಡಳಿತ ಮಂಡಳಿ ಬತ್ತ್. ಅವತ್ತೇ ನಾಲ್ಕ್ ಜನರ ಎದ್ರ್ ಆರ್ಡರ್ ನಿನ್ ಕೈಗ್ ಕೊಡ್ತೊ. ಮತ್ತೆ ಊಟದ್ ಚಿಂತಿ ನಿಂಗ್ ಬ್ಯಾಡ. ಅದ್ ಕಾಲೇಜಿನ ಲೆಕ್ಕ. ಎಷ್ಟ್ ಜನ ಆತ್ರ್?”

ಪ್ರಖ್ಯಾತ್ ಬಾಯಿ ತೆರೆದ. “ಮುನ್ನೂರ್,” ಎಂದಳು ಗಿರಿಜತ್ತೆ, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾ.

ಸಂಜೆಯ ಬಸ್ಸಿನಲ್ಲಿ ಪ್ರಖ್ಯಾತ್ ಒಬ್ಬನೇ ಮರಳಿದ. ಮಗಳ ಮನೆಯಲ್ಲಿ ಮಿಂದು ಬರುತ್ತೇನೆಂದು ಅತ್ತೆ ಬ್ರಹ್ಮಾವರದಲ್ಲೇ ಉಳಿದಿದ್ದಳು. ದಾರಿಯುದ್ದಕ್ಕೂ ಅವನ ತಲೆ ಓಡಿದ್ದೇ ಓಡಿದ್ದು. ಬೊಜ್ಜದ ದಿನ ಅಪ್ಪಯ್ಯನನ್ನು ಧರ್ಮಸ್ಥಳಕ್ಕೆ ಕಳಿಸಿದರೆ? ಅಥವಾ ಅಪ್ಪಯ್ಯನನ್ನೇ ಅಪ್ಪಯ್ಯನ ತಮ್ಮ ಎಂದು ಹೇಳಿಬಿಟ್ಟರೆ? ಮೀಸೆಯೊಂದನ್ನು ತೆಗೆದರೆ ಗುರುತು ಸಿಗಲಿಕ್ಕಿಲ್ಲ. ಆದರೆ ಅಪ್ಪಯ್ಯನ ಮೀಸೆ ತೆಗೆಯಬೇಕಾದರೆ ಅಜ್ಜಯ್ಯ ಇನ್ನೊಮ್ಮೆ ಸಾಯಬೇಕು. ಕ್ವಾಂಟಂ ಸಿದ್ಧಾಂತದಲ್ಲಿ ಒಂದು ಕಣ ಒಂದೇ ಹೊತ್ತಿಗೆ ಎರಡು ಸ್ಥಿತಿಯಲ್ಲಿ ಇರಬಹುದು. ಶೇಖರ ಶೆಟ್ಟರು ಅದಕ್ಕೆ ಒಪ್ಪುವ ಪೈಕಿಯಲ್ಲ.

ಮನೆಯ ತಿರುವಿಗೆ ಬಂದಾಗ ಅವನ ಕಾಲು ನಿಂತಿತು. ಅಂಗಳದಲ್ಲಿ ಉಪ್ಪುಂದದ ವ್ಯಾನು, ಇನ್ನೆರಡು ಕಾರು. ಜಗಲಿಯ ಮೆಟ್ಟಿಲ ಬುಡದಲ್ಲಿ ರಾಶಿ ಚಪ್ಪಲಿ. ಬಿಳಿ ಸೀರೆಯ ಹೆಂಗಸರು, ಹೆಗಲಿಗೆ ಶಾಲು ಹಾಕಿದ ಗಂಡಸರು. ಒಳಗಿನಿಂದ ಗದ್ದಲವಿಲ್ಲ.

ತಾನು ಬಾಯಿಮುಚ್ಚಿ ಒಪ್ಪಿಕೊಂಡ ಸುಳ್ಳನ್ನು ದೇವರು ನಿಜ ಮಾಡಿಬಿಟ್ಟನೇ? ಬೆಳಿಗ್ಗೆ ಪಾತ್ರೆ ಹೇರಿಸುವಾಗ ಅಪ್ಪಯ್ಯ ಎದೆ ಉಜ್ಜಿಕೊಂಡಿದ್ದರೇ? ನೋಡಿದ್ದರೆ ತಾನೆ ನೆನಪಾಗುವುದು. ಒಂದು ಕೆಲಸಕ್ಕಾಗಿ ಅಪ್ಪನನ್ನು ಕೊಟ್ಟುಬಿಟ್ಟೆ ಎನಿಸಿ, ಆ ದಿನ ಅಪ್ಪನಿಗಾಗಿ ಮೊದಲ ಅಳು ಅವನ ಹೊಟ್ಟೆಯಿಂದ ಬಂತು. ಫೈಲು ಕೆಳಗೆ ಬಿತ್ತು. “ಅಪ್ಪಯ್ಯಾ,” ಎನ್ನುತ್ತಾ ಚಪ್ಪಲಿಗಳ ಮೇಲೆಯೇ ಓಡಿ ಒಳಗೆ ನುಗ್ಗಿದ.

ಚಾವಡಿಯ ನಡುವೆ ಆರಾಮಕುರ್ಚಿಯಲ್ಲಿ ಶೇಖರ ಶೆಟ್ಟರು ಮೀಸೆಸಮೇತ ಕೂತಿದ್ದರು. ಸುತ್ತ ಕೂತ ನೆಂಟರ ಬಾಯಲ್ಲಿ ಹಾಲಾಡಿ ಮದುವೆಯಲ್ಲಿ ಉಳಿದ ಹೋಳಿಗೆ ತುಂಬಿದ್ದರಿಂದ ಗದ್ದಲವಿರಲಿಲ್ಲ. ಅಮ್ಮ ಜಲಜಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡು ಕಂಬಕ್ಕೆ ಒರಗಿದ್ದಳು. ಅವಳ ಹೆಗಲು ಕುಣಿಯುತ್ತಿತ್ತು. ಅದು ಅಳುವಲ್ಲ, ನಗು ಎಂದು ತಿಳಿಯಲು ಪ್ರಖ್ಯಾತನಿಗೆ ಸ್ವಲ್ಪ ಹೊತ್ತಾಯಿತು. ಅವನು ಹೋಗಿ ಅಪ್ಪನ ಮಂಡಿ ಹಿಡಿದು ಕೂತುಬಿಟ್ಟ. ಬಿಡಲೇ ಇಲ್ಲ.

“ಸಾಕ್, ಬಿಡ್,” ಎಂದರು ಶೆಟ್ಟರು. ಮಗನ ಬೋಳು ತಲೆಯ ಮೇಲೆ ಒಮ್ಮೆ ಕೈಯಾಡಿಸಿದರು. “ಸೋಮ ಬಂದ್ ಎಲ್ಲ ಹೇಳಿ ಹೋದ. ಅದ್ ಇರ್ಲಿ. ಇವತ್ತ್ ಒಂದ್ ದೊಡ್ಡ ಆರ್ಡರ್ ಬಂತ್ ಕಾಣ್. ಬ್ರಹ್ಮಾವರದಿಂದ ಯಾರೋ ಹೆಗ್ಡೆಯವ್ರ್. ‘ಜಲಜಣ್ಣ, ಮುನ್ನೂರ್ ಜನರ್ ಬೊಜ್ಜದ ಊಟ, ತಲ್ಲೂರಲ್ಲಿ. ಪಾಪದ್ ಗಂಡ್, ಅಪ್ಪ ಹೋದ್ರ್. ನಿಮ್ಮ ಅಡುಗಿಯೇ ಆಯ್ಕ್’ ಅಂದ್ರ್. ನಂಗ್ ಗೊತ್ತಿಲ್ದೆ ತಲ್ಲೂರಲ್ಲಿ ಸತ್ತವ್ರ್ ಯಾರಪ್ಪ ಅಂತೇಳಿ ಹೆಸ್ರ್ ಕೇಂಡೆ. ಹೇಳ್ರ್.”

“ನೀವ್ ಎಂತ ಹೇಳ್ರಿ ಅಪ್ಪಯ್ಯ?”

“ಎಂತ ಹೇಳುದ್? ಗಿರಾಕಿ. ‘ಚಿಂತಿ ಮಾಡ್ಬ್ಯಾಡಿ ಹೆಗ್ಡ್ರೆ, ಸತ್ತವ್ನೇ ನಿಂತ್ ಬಡಿಸ್ತ’ ಅಂದೆ. ಫೋನ್ ಕೆಳಗ್ ಬಿದ್ದ ಶಬ್ದ ಕೇಂತ್.”

ಹೋಳಿಗೆ ತಿನ್ನುತ್ತಿದ್ದ ಒಬ್ಬರಿಗೆ ನೆತ್ತಿಗೆ ಹತ್ತಿತು. ಪ್ರಖ್ಯಾತ್ ಕಣ್ಣು ಮುಚ್ಚಿಕೊಂಡ. ಮೂವತ್ತೈದು ಮಕ್ಕಳೂ ಆ ಕೋಣೆಯೂ ಕಣ್ಣೆದುರು ಹಾದುಹೋದವು.

“ಮತ್ತೆ ಗಳಿಗಿ ಬಿಟ್ಟ್ ಅವ್ರೇ ಪುನಃ ಮಾಡ್ರ್,” ಎಂದು ಶೆಟ್ಟರು ಮುಂದುವರಿಸಿದರು. “ಸಿಟ್ಟಲ್ಲೇ ಇದ್ದಿದ್ರ್. ನಾನ್ ಇದ್ದದ್ದ್ ಇದ್ದಂಗ್ ಹೇಳ್ದೆ. ಸೋಮ, ಕನ್ನಡಿ, ಗಿರಿಜ, ಎಲ್ಲ. ನಕ್ಕ್ ನಕ್ಕ್ ಸಾಕಾಯ್ತ್ ಅವ್ರಿಗೆ. ಕಡಿಗೆ, ‘ಇಷ್ಟೆಲ್ಲ ಆದ್ರೂ ನಿಜ ಹೇಳುವ ಒಬ್ಬ ಮನುಷ್ಯ ಇದ್ದ ಅಂತ ಆಯ್ತಲೆ. ನಿಮ್ಮಂಥ ಜನವೇ ನಮ್ ಕಾಲೇಜಿಗ್ ಬೇಕಾದ್ದ್’ ಅಂದ್ರ್.”

ಪ್ರಖ್ಯಾತ್ ತಲೆ ಎತ್ತಿದ. “ಹಾಂಗಾರೆ ಕೆಲ್ಸ?”

“ಸಿಕ್ತ್.”

“ಕಾಲೇಜಲ್ಲಾ?”

“ಕಾಲೇಜಲ್ಲೇ. ಕಾಯಮ್ಮೇ.” ಶೆಟ್ಟರು ಕಾಫಿ ಲೋಟ ಕೆಳಗಿಟ್ಟರು. “ಅವ್ರ ಕ್ಯಾಂಟೀನ್ ನಡ್ಸುವವ ಬಿಟ್ಟ್ ಹೋಯಿದ್ನಂಬ್ರ್. ಅದನ್ನ ನಮ್ಗೇ ಕೊಟ್ರ್. ನಂಗ್ ಮದುವಿ ಸೀಸನ್, ಪುರ್ಸೊತ್ತಿಲ್ಲೆ. ನಾಳೆಯಿಂದ ನೀನೇ ಹೋಯ್ಕ್.”

ಪ್ರಖ್ಯಾತ್ ಏನೋ ಹೇಳಲು ಹೋದ. ಶೆಟ್ಟರು ಮಗನ ತಲೆಯನ್ನು ದೀಪದ ಕಡೆಗೆ ಸ್ವಲ್ಪ ವಾಲಿಸಿ, ಪಾತ್ರೆ ತೊಳೆದದ್ದು ಸರಿಯಾಗಿದೆಯೇ ಎಂದು ನೋಡುವ ಹಾಗೆ ನೋಡಿದರು.

“ಒಂದ್ ಒಳ್ಳೇದಾಯ್ತ್ ಮಗಾ,” ಎಂದರು. “ಸಾಂಬಾರಗೆ ಕೂದ್ಲ್ ಸಿಕ್ತ್ ಅಂತೇಳಿ ಇನ್ ಯಾರೂ ದೂರುಕಿಲ್ಲೆ.”